ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಶುಶ್ರೂಷಾಗೃಹದ ಅಚ್ಚುಕಟ್ಟು

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಬಹು ವಿರಳ. ಕತ್ತಲೆ ಕವಿದ ಆಸ್ಪತ್ರೆ, ಸಾಲುಸಾಲಾಗಿ ಮಲಗಿರುವ ಗಾಯಾಳು ಸೈನಿಕರು, ಕೈಯಲ್ಲಿ ದೀಪ ಹಿಡಿದು ಒಬ್ಬೊಬ್ಬರ ಬಳಿಗೂ ಹೋಗಿ ವಿಚಾರಿಸುವ ಕರುಣಾಮಯಿಯಾದ ಹೆಣ್ಣುಮಗಳು: ಈ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಬಾಲ್ಯದಿಂದಲೇ ಅಚ್ಚೊತ್ತಿ ನಿಂತಿದೆ. ಚಿತ್ರವೇನೋ ಸುಳ್ಳಲ್ಲ. ಆದರೆ ಆಕೆ ಬದುಕಿದ್ದು 90 ವರ್ಷ. ಯುದ್ಧಭೂಮಿಯ ಆಸ್ಪತ್ರೆಗಳಲ್ಲಿ ದೀಪ ಹಿಡಿದು ನಡೆದದ್ದು ಎರಡು ವರ್ಷಕ್ಕೂ ಕಡಿಮೆ. ಮಿಕ್ಕ ಆಯುಷ್ಯದಲ್ಲಿ ಆಕೆ ಏನು ಮಾಡಿದಳು? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಉತ್ತರವನ್ನು ಹುಡುಕುತ್ತ ಹೋದಂತೆ, ಪಾಠಪುಸ್ತಕದ ದೀಪಧಾರಿಣಿಗಿಂತ ಎಷ್ಟೋ ದೊಡ್ಡವಳೂ ಎಷ್ಟೋ ನಿಷ್ಠುರಳೂ ಆದ ಬೇರೊಬ್ಬ ನೈಟಿಂಗೇಲ್ ನನಗೆ ಕಾಣಿಸಿದಳು. ರೋಗಿಯನ್ನೂ ವೃದ್ಧರನ್ನೂ ಇರಿಸಿಕೊಂಡು ನೋಡಿಕೊಳ್ಳುವ ಮನೆ ಹೇಗಿರಬೇಕು, ಅದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಜಗತ್ತಿಗೆ ಕಲಿಸಿದವಳು ಆಕೆ. ಆ ದೃಷ್ಟಿಯಿಂದ ಆಕೆಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬೇಕೆಂದು ನನ್ನ ಆಸೆ.

ನೈಟಿಂಗೇಲ್ ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು, ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ. ಆ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಸಿರಿವಂತ ಜಮೀನುದಾರ. ಬೇಸಿಗೆಗೆ ಡರ್ಬಿಷೈರಿನಲ್ಲಿ ಒಂದು ಮನೆ, ಮಿಕ್ಕ ಕಾಲಕ್ಕೆ ಹ್ಯಾಂಪ್‌ಷೈರಿನಲ್ಲಿ ಇನ್ನೊಂದು ಬಂಗಲೆ. ವಿದ್ಯಾವಂತನಾದ ಆತ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕುಳಿತು ಕಲಿಸಿದ. ಫ್ಲಾರೆನ್ಸಳಿಗೆ ಇದಷ್ಟೇ ಸಾಲಲಿಲ್ಲ. ಗಣಿತ ಬೇಕೆಂದು ಹಟ ಹಿಡಿದಳು. ಹೆಣ್ಣುಮಗಳಿಗೆ ಗಣಿತವೇತಕ್ಕೆ ಎಂದು ಮನೆಯವರು ಹಿಂಜರಿದರೂ ಕಡೆಗೆ ಒಪ್ಪಿದರು. ಈ ಹಟವೇ ಮುಂದೆ ಸಾವಿರಾರು ಜೀವಗಳನ್ನು ಉಳಿಸಿತೆಂದರೆ ಅತಿಶಯೋಕ್ತಿಯಲ್ಲ.

ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿ 7ರಂದು, ದೇವರು ತನ್ನನ್ನು ಸೇವೆಗೆ ಕರೆದನೆಂಬ ದೃಢವಾದ ಅನುಭವ ಆಕೆಗಾಯಿತು. ಎಂತಹ ಸೇವೆ ಎಂಬುದು ಸ್ಪಷ್ಟವಾಗಲು ಇನ್ನೂ ಕೆಲವು ವರ್ಷಗಳು ಹಿಡಿದವು. ರೋಗಿಗಳ ಶುಶ್ರೂಷೆಯೇ ತನ್ನ ಮಾರ್ಗವೆಂದು ಆಕೆ ಹೇಳಿದಾಗ ಮನೆಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸವೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದರು. ಬೇರೆಲ್ಲಿಯೂ ಕೆಲಸ ಸಿಕ್ಕದವರು, ಕುಡಿತದ ಚಟವಿದ್ದವರು ಆ ಕೆಲಸಕ್ಕೆ ಸೇರುತ್ತಾರೆಂಬ ಅಪಖ್ಯಾತಿ ಇತ್ತು. ತಾಯಿ ಕಣ್ಣೀರಿಟ್ಟಳು, ಅಕ್ಕ ಮೂರ್ಛೆ ಹೋದಳು. ಫ್ಲಾರೆನ್ಸ್ ಎದುರಾಡಲಿಲ್ಲ, ಹಿಡಿದದ್ದನ್ನು ಬಿಡಲೂ ಇಲ್ಲ. ಬೆಳಗಿನ ಜಾವದಲ್ಲಿ, ಮನೆಯವರು ಏಳುವ ಮುಂಚೆ, ಯುರೋಪಿನ ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಓದಿ ಟಿಪ್ಪಣಿ ಮಾಡಿಕೊಂಡಳು. ಒಳ್ಳೆಯ ಮನೆತನದಿಂದ ಬಂದ ವಿವಾಹದ ಪ್ರಸ್ತಾಪವನ್ನೂ ತಳ್ಳಿಹಾಕಿದಳು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸೇವಾಶ್ರಮದಲ್ಲಿ ಮೂರು ತಿಂಗಳಷ್ಟು ಕಾಲ ಇದ್ದು ಕೆಲಸ ಕಲಿತಳು.

ಆಕೆಗೆ ಸ್ವತಂತ್ರವಾದ ಮೊದಲ ಹೊಣೆ ದೊರೆತದ್ದು 1853ರ ಆಗಸ್ಟ್ ತಿಂಗಳಲ್ಲಿ. ಲಂಡನ್ ನಗರದ ಹಾರ್ಲೆ ಬೀದಿಯಲ್ಲಿ, ಕಷ್ಟಸ್ಥಿತಿಗೆ ಬಿದ್ದ ಮರ್ಯಾದಸ್ಥ ಮನೆತನದ ಹೆಂಗಸರು ಕಾಯಿಲೆಯಾದಾಗ ಬಂದು ಉಳಿದುಕೊಳ್ಳಲು ಒಂದು ಶುಶ್ರೂಷಾಗೃಹವಿತ್ತು. ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಜೀವಿಸುತ್ತಿದ್ದು, ಮುಪ್ಪೋ ರೋಗವೋ ಬಂದೊಡನೆ ದಿಕ್ಕಿಲ್ಲದವರಾಗುತ್ತಿದ್ದ ಶಿಕ್ಷಕಿಯರೇ ಅಲ್ಲಿ ಹೆಚ್ಚು. ಸಂಬಳವಿಲ್ಲದೆ ಅದರ ಮೇಲ್ವಿಚಾರಣೆಯನ್ನು ನೈಟಿಂಗೇಲ್ ವಹಿಸಿಕೊಂಡಳು. ತಂದೆ ವರ್ಷಕ್ಕೆ 500 ಪೌಂಡುಗಳನ್ನು ಕೊಡಲು ಒಪ್ಪಿದ್ದರಿಂದ ಇದು ಸಾಧ್ಯವಾಯಿತು. ಆಕೆಯ ಚರಿತ್ರೆ ಬರೆಯುವವರು ಈ ಒಂದು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸಿ ಯುದ್ಧಭೂಮಿಗೆ ಓಡುವುದುಂಟು. ಆಕೆಯ ಮುಂದಿನ ಕಾರ್ಯಕ್ಕೆಲ್ಲ ಬೀಜ ಈ ಮನೆಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

ಆಡಳಿತ ಮಂಡಲಿಯ ಮಹಿಳೆಯರು ದಯಾವಂತರೇ. ಆದರೆ ಮನೆಯ ಒಳಗೆ ಹೋಗಿ ನೋಡಿದರೆ ಹಾಸಿಗೆ ಹೊದಿಕೆಗಳು ಕೊಳೆತು ಚಿಂದಿಯಾಗಿದ್ದವು. ದಿನಸಿಯನ್ನು ಅಂಗಡಿಯಿಂದ ಚೂರುಪಾರಾಗಿ ದುಬಾರಿ ಬೆಲೆಗೆ ತರುತ್ತಿದ್ದರು. ನೈಟಿಂಗೇಲ್ ಸೊಂಟ ಕಟ್ಟಿ ನಿಂತಳು. ದಿನಸಿಯನ್ನು ಸಗಟಾಗಿ ಕೊಳ್ಳುವ ಏರ್ಪಾಡಾಯಿತು. ಬಿಸಿನೀರನ್ನು ಬಕೆಟ್ಟಿನಲ್ಲಿ ಹೊತ್ತು ತರುವ ಬದಲು ಪ್ರತಿಯೊಂದು ಮಹಡಿಗೂ ಕೊಳಾಯಿಯಲ್ಲಿಯೇ ಬರಬೇಕೆಂದಳು. ಅಡುಗೆಮನೆಯಿಂದ ಊಟವನ್ನು ಮೇಲಕ್ಕೆ ಎಳೆದುಕೊಳ್ಳಲು ರಾಟೆಯ ಪೆಟ್ಟಿಗೆ ಬೇಕೆಂದಳು. ಇವೆರಡೂ ಇಲ್ಲದಿದ್ದರೆ ದಾದಿಯ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿಯೇ ಕಳೆದು, ರೋಗಿಯ ಬಳಿ ನಿಲ್ಲಲು ಕಾಲಿನಲ್ಲಿ ಶಕ್ತಿಯೇ ಉಳಿಯುವುದಿಲ್ಲವೆಂಬುದು ಆಕೆಯ ವಾದ. ಎಲ್ಲಕ್ಕಿಂತ ಸೊಗಸಾದದ್ದು ಗಂಟೆಯ ಏರ್ಪಾಡು. ಪ್ರತಿಯೊಬ್ಬ ರೋಗಿಯ ಗಂಟೆಯೂ ಆಯಾ ಮಹಡಿಯ ದಾದಿಯ ಬಾಗಿಲ ಮುಂದೆಯೇ ಬಾರಿಸಬೇಕು. ಬಾರಿಸಿದೊಡನೆ ಆ ರೋಗಿಯ ಗುರುತಿನ ಸಣ್ಣ ಮುಚ್ಚಳ ತೆರೆದುಕೊಳ್ಳಬೇಕು. ಗಂಟೆಯ ಸದ್ದು ನಿಂತ ಮೇಲೂ ಅದು ತೆರೆದೇ ಇರಬೇಕು. ಆಗ ಕರೆದವರು ಯಾರೆಂಬುದು ದಾದಿಗೆ ತಪ್ಪದೆ ತಿಳಿಯುತ್ತದೆ.

ಇದೇನು ಮಹಾ ಸಂಗತಿ ಎಂದು ವಾಚಕರು ಕೇಳಬಹುದು. ನನ್ನ ಸೋದರತ್ತೆ ಸೊಂಟದ ಮೂಳೆ ಮುರಿದುಕೊಂಡ ಮೇಲೆ ವೃದ್ಧರನ್ನು ನೋಡಿಕೊಳ್ಳುವ ಒಂದು ಖಾಸಗಿ ಮನೆಯಲ್ಲಿ ಕೆಲವು ತಿಂಗಳು ಇದ್ದರು. ಮುಂದೆ ಹೂದೋಟ, ಹಜಾರದಲ್ಲಿ ದೇವರ ಪಟ, ಥಳಥಳಿಸುವ ನೆಲ, ನೋಡಿದವರು ಮೆಚ್ಚಬೇಕು. ಪ್ರತಿ ಹಾಸಿಗೆಯ ಪಕ್ಕದಲ್ಲಿಯೂ ಗಂಟೆಯ ಗುಂಡಿ ಇತ್ತು. ಆದರೆ ಎಲ್ಲ ಕೋಣೆಗಳಿಗೂ ಸದ್ದು ಒಂದೇ. ಒತ್ತಿದವರು ಯಾರೆಂದು ತೋರಿಸುವ ಗುರುತು ಯಾವುದೂ ಇರಲಿಲ್ಲ. ರಾತ್ರಿ ಇರುತ್ತಿದ್ದವಳು ಒಬ್ಬಳೇ ಹುಡುಗಿ. ಪಾಪ, ಒಳ್ಳೆಯವಳೇ. ಅಜ್ಜಿ, ಅಜ್ಜಿ ಎಂದು ಅಕ್ಕರೆಯಿಂದ ಮಾತನಾಡಿಸುತ್ತಿದ್ದಳು. ಗಂಟೆ ಕೇಳಿದರೆ ಒಂದೊಂದೇ ಬಾಗಿಲು ತೆರೆದು ನೋಡಿಕೊಂಡು ಬರಬೇಕು. ಅತ್ತೆಯ ಕೋಣೆ ಕಡೆಯದು. ಕೆಲವು ದಿನಗಳಲ್ಲಿ ಅತ್ತೆ ಗಂಟೆ ಒತ್ತುವುದನ್ನೇ ಬಿಟ್ಟರು. ರಾತ್ರಿ ಎದ್ದು ಹೋಗಬೇಕಾದೀತೆಂಬ ಹೆದರಿಕೆಯಿಂದ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೂ ಬಿಟ್ಟರು. ಅಲ್ಲಿ ಯಾರೂ ಕ್ರೂರಿಗಳಲ್ಲ, ಯಾರೂ ಬೈಯಲಿಲ್ಲ. ದಯೆ ಬೇಕಾದಷ್ಟಿತ್ತು, ಏರ್ಪಾಡು ಇರಲಿಲ್ಲ. ನೈಟಿಂಗೇಲಳ ಮುಚ್ಚಳದ ಗಂಟೆಯ ಬೆಲೆ ನನಗೆ ಅರ್ಥವಾದದ್ದು ಇಂತಹದನ್ನು ಕಂಡ ಮೇಲೆಯೇ.

ಹಾರ್ಲೆ ಬೀದಿಯ ಮನೆಯಲ್ಲಿ ಆಕೆ ಇನ್ನೊಂದು ಹೋರಾಟವನ್ನೂ ಗೆದ್ದಳು. ಇಂಗ್ಲೆಂಡಿನ ಅಧಿಕೃತ ಮತಕ್ಕೆ ಸೇರಿದವರಿಗೆ ಮಾತ್ರ ಪ್ರವೇಶವೆಂದು ಮಂಡಲಿಯವರು ಹಟ ಹಿಡಿದಾಗ, ಕ್ಯಾಥೊಲಿಕರಿಗೂ ಯೆಹೂದ್ಯರಿಗೂ ಅವಕಾಶವಿಲ್ಲದಿದ್ದರೆ ತಾನು ಇರುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದಳು. ಮಂಡಲಿ ಮಣಿಯಿತು. ಮೂರು ತಿಂಗಳಿಗೊಮ್ಮೆ ಮನೆಯ ಸ್ಥಿತಿಗತಿಗಳ ವರದಿಯನ್ನು ಮಂಡಲಿಗೆ ಬರೆದು ಒಪ್ಪಿಸುವ ಪದ್ಧತಿಯನ್ನೂ ಇಟ್ಟುಕೊಂಡಳು.

1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನ್ಯದ ಆಸ್ಪತ್ರೆಯ ದುಃಸ್ಥಿತಿಯನ್ನು ಟೈಮ್ಸ್ ಪತ್ರಿಕೆ ಹೊರಗೆಡಹಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತ. ದಾದಿಯರ ತಂಡವನ್ನು ಕರೆದೊಯ್ಯಬೇಕೆಂದು ಆತ ಬರೆದ ಕಾಗದವೂ, ತಾನು ಹೋಗುತ್ತೇನೆಂದು ಆಕೆ ಬರೆದ ಕಾಗದವೂ ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. 38 ಮಂದಿ ದಾದಿಯರೊಡನೆ ನವೆಂಬರ್ 4ರಂದು ಆಕೆ ಸ್ಕುಟಾರಿಯನ್ನು ಮುಟ್ಟಿದಳು. ನೆಲವೆಲ್ಲ ಹೊಲಸು, ಕಕ್ಕಸುಗಳು ತುಂಬಿ ಹರಿಯುತ್ತಿದ್ದವು. ಬಟ್ಟೆ ಒಗೆಯುವ ವ್ಯವಸ್ಥೆ ಇಲ್ಲ, ಸರಿಯಾದ ಆಹಾರವಿಲ್ಲ. ನೈಟಿಂಗೇಲ್ ಮೊದಲು ಕೇಳಿದ ಸಾಮಾನುಗಳಲ್ಲಿ ನೆಲ ಉಜ್ಜುವ ಬ್ರಷ್ಷುಗಳು ಸೇರಿದ್ದವು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಹಂಡೆಗಳನ್ನು ಹಾಕಿಸಿ, ಸೈನಿಕರ ಹೆಂಡಿರನ್ನು ಕೂಲಿಗೆ ಇಟ್ಟುಕೊಂಡು ಬಟ್ಟೆ ಒಗೆಸಿದಳು. ಪಥ್ಯದ ಅಡುಗೆಗೆ ಬೇರೆ ಒಲೆಗಳನ್ನು ಹೂಡಿಸಿದಳು. ರಾತ್ರಿ ದೀಪ ಹಿಡಿದು ಮೈಲುಗಟ್ಟಲೆ ಸುತ್ತಿದಳು.

ಇಷ್ಟಾದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಮರಣಪ್ರಮಾಣ ಶೇಕಡಾ 42ನ್ನು ಮುಟ್ಟಿತ್ತು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗದವರು ಬಂದರು. ಕಟ್ಟಡದ ಅಡಿಯಲ್ಲಿಯೇ ಮೋರಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದುದನ್ನು ಅವರು ಕಂಡುಹಿಡಿದರು; ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಬಿದ್ದಿತ್ತು. ಮೋರಿ ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಬರಲು ದಾರಿ ಮಾಡಿದರು. ಜೂನ್ ತಿಂಗಳ ಹೊತ್ತಿಗೆ ಮರಣಪ್ರಮಾಣ ಶೇಕಡಾ 2ರ ಆಸುಪಾಸಿಗೆ ಇಳಿಯಿತು.

ಈ ಎರಡು ಅಂಕಿಗಳ ನಡುವೆ ಆಕೆಯ ಜೀವನದ ದೊಡ್ಡ ಪಾಠ ಅಡಗಿದೆ. 1856ರಲ್ಲಿ ಸ್ವದೇಶಕ್ಕೆ ಮರಳಿದಾಗ ಜನ ಆಕೆಯನ್ನು ದೇವತೆಯೆಂದು ಕೊಂಡಾಡಲು ಕಾದಿದ್ದರು. ಆಕೆ ಯಾರಿಗೂ ತಿಳಿಸದೆ ಬಂದು ಮನೆ ಸೇರಿದಳು. ಯುದ್ಧಭೂಮಿಯಲ್ಲಿ ತಗುಲಿದ ಜ್ವರದಿಂದ ಆರೋಗ್ಯ ಕೆಟ್ಟು, ಮುಂದಿನ ಬಾಳಿನ ಬಹುಭಾಗ ಕೋಣೆಯಲ್ಲಿಯೇ ಕಳೆಯಿತು. ಆ ಕೋಣೆಯಲ್ಲಿ ಕುಳಿತು ಅಂಕಿಅಂಶಗಳ ತಜ್ಞ ವಿಲಿಯಂ ಫಾರ್‌ನ ನೆರವಿನಿಂದ ಯುದ್ಧದ ಸಾವುಗಳನ್ನೆಲ್ಲ ಲೆಕ್ಕ ಹಾಕಿದಳು. ಗಾಯದಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಎಷ್ಟೋ ಪಾಲು ಹೆಚ್ಚೆಂಬುದು ಬೆಳಕಿಗೆ ಬಂದಿತು. ಮಂತ್ರಿಗಳು ಅಂಕಿಗಳ ಪಟ್ಟಿಯನ್ನು ಓದಲಾರರೆಂದು ತಿಳಿದು, ತಿಂಗಳು ತಿಂಗಳಿನ ಸಾವನ್ನು ಹೂವಿನ ದಳಗಳಂತೆ ಬಣ್ಣದಲ್ಲಿ ತೋರಿಸುವ ಚಿತ್ರಗಳನ್ನು 1858ರಲ್ಲಿ ಅಚ್ಚು ಹಾಕಿಸಿದಳು. ಅದೇ ವರ್ಷ ಲಂಡನ್ನಿನ ಅಂಕಿಅಂಶ ಸಂಘದ ಮೊದಲ ಮಹಿಳಾ ಸದಸ್ಯೆಯಾದಳು. ಕಣ್ಣೀರು ಒರೆಸಿದ ಕೈಯೇ ಲೆಕ್ಕವನ್ನೂ ಬರೆಯಬೇಕು, ಇಲ್ಲವಾದರೆ ನಾಳೆ ಒರೆಸಬೇಕಾದ ಕಣ್ಣೀರು ಹೆಚ್ಚುತ್ತಲೇ ಹೋಗುತ್ತದೆಂಬುದು ಆಕೆಯ ಬಾಳಿನಿಂದ ನಾನು ತಿಳಿದುಕೊಂಡ ಸತ್ಯ.

1859ರಿಂದ ಮುಂದೆ ಆಕೆಯ ಎರಡು ಪ್ರಸಿದ್ಧ ಗ್ರಂಥಗಳು ಹೊರಬಂದವು. ಒಂದು ಆಸ್ಪತ್ರೆಗಳನ್ನು ಕುರಿತದ್ದು, ಇನ್ನೊಂದು ಶುಶ್ರೂಷೆಯನ್ನು ಕುರಿತದ್ದು. ಆಸ್ಪತ್ರೆ ಮಾಡಬೇಕಾದ ಮೊದಲ ಕೆಲಸ ರೋಗಿಗೆ ಕೇಡು ಮಾಡದಿರುವುದು ಎಂಬುದೇ ಮೊದಲನೆಯದರ ಬುನಾದಿ. ಎರಡು ಹಾಸಿಗೆಗೆ ಒಂದಾದರೂ ಕಿಟಕಿ ಇರಬೇಕು, ಕಿಟಕಿಗಳು ಎದುರುಬದುರಾಗಿರಬೇಕು ಎಂಬಷ್ಟು ವಿವರಕ್ಕೆ ಆಕೆ ಇಳಿಯುತ್ತಾಳೆ. ಎರಡನೆಯ ಗ್ರಂಥದಲ್ಲಿ ಸಣ್ಣಪುಟ್ಟ ಆಡಳಿತವನ್ನು ಕುರಿತ ಒಂದು ಅಧ್ಯಾಯವಿದೆ. ನೋಡಿಕೊಳ್ಳುವವಳು ಎದುರಿಗಿದ್ದಾಗ ನಡೆಯುವ ಕೆಲಸ ಆಕೆ ಇಲ್ಲದಾಗಲೂ ನಡೆಯುವಂತೆ ಏರ್ಪಡಿಸದಿದ್ದರೆ, ಆಕೆ ಎಷ್ಟೇ ನಿಪುಣಳಾಗಿದ್ದರೂ ಪ್ರಯೋಜನವಿಲ್ಲವೆಂಬುದು ಅದರ ತಾತ್ಪರ್ಯ. ಮಲಗಿದ್ದವರ ಮೈಯಲ್ಲಿ ಹುಣ್ಣಾದರೆ ಅದನ್ನು ರೋಗದ ತಲೆಗೆ ಕಟ್ಟಬಾರದು, ಬಹುಮಟ್ಟಿಗೆ ಅದು ಶುಶ್ರೂಷೆಯ ದೋಷವೆಂದು ಆಕೆ ಬರೆದಿದ್ದಾಳೆ. ಇಂದಿಗೂ ವೃದ್ಧರ ಶುಶ್ರೂಷಾಗೃಹವನ್ನು ಪರೀಕ್ಷಿಸುವವರು ಹಾಸಿಗೆಹುಣ್ಣುಗಳು ಎಷ್ಟು ಮಂದಿಗೆ ಆಗಿವೆಯೆಂದು ಎಣಿಸುವುದುಂಟು.

1860ರಲ್ಲಿ, ಸಾರ್ವಜನಿಕರು ಆಕೆಯ ಗೌರವಾರ್ಥವಾಗಿ ಕೂಡಿಸಿದ ನಿಧಿಯಿಂದ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ವಿದ್ಯಾರ್ಥಿನಿಯರ ನಡತೆ, ಶುಚಿತ್ವ, ಕೌಶಲಗಳನ್ನು ತಿಂಗಳಿಗೊಮ್ಮೆ ಬರೆದಿಡುವ ಪದ್ಧತಿ ಅಲ್ಲಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ, ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯ ನಮೂನೆಯಲ್ಲಿ ಲೆಕ್ಕ ಇಡಬೇಕೆಂಬ ಆಕೆಯ ಸಲಹೆ ಬಂದಿತು.

ಆಕೆಯ ಲೆಕ್ಕಗಳೆಲ್ಲ ನಿರ್ದುಷ್ಟವಾಗಿದ್ದವೆಂದು ಹೇಳಲಾಗದು. 1863ರ ಆವೃತ್ತಿಯಲ್ಲಿ, ವರ್ಷವೊಂದರಲ್ಲಿ ಆದ ಸಾವುಗಳನ್ನು ಒಂದು ದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ ಪಟ್ಟಿಯೊಂದು ಸೇರಿತ್ತು. ಅದರ ಪ್ರಕಾರ ಲಂಡನ್ನಿನ ಆಸ್ಪತ್ರೆಗಳಲ್ಲಿ ಮರಣಪ್ರಮಾಣ ಶೇಕಡಾ 90ನ್ನು ದಾಟುತ್ತಿತ್ತು. ವೈದ್ಯರು ಇದನ್ನು ಕಟುವಾಗಿ ಖಂಡಿಸಿದರು, ಅವರ ಖಂಡನೆಯಲ್ಲಿ ನ್ಯಾಯವಿತ್ತು. ರೋಗಾಣುಗಳ ಸಿದ್ಧಾಂತವನ್ನೂ ಆಕೆ ಬಹುಕಾಲ ಒಪ್ಪಲಿಲ್ಲ. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ನಂಬಿದ್ದಳು. ಆದರೆ ತನ್ನ ಸ್ವಂತ ಕಾರ್ಯವೇ ಲೆಕ್ಕದಲ್ಲಿ ಸೋತಾಗ ಆಕೆ ಕಣ್ಣು ಮುಚ್ಚಿಕೊಳ್ಳಲಿಲ್ಲ. ಸೂಲಗಿತ್ತಿಯರ ಶಿಕ್ಷಣಕ್ಕಾಗಿ ಆಕೆಯ ನಿಧಿಯಿಂದ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಹೆರಿಗೆಯ ವಾರ್ಡೊಂದು ನಡೆಯುತ್ತಿತ್ತು. ಬಾಣಂತಿಯರು ಸೂತಿಕಾ ಜ್ವರದಿಂದ ಸಾಯುತ್ತಿರುವುದು ಕಂಡುಬಂದಾಗ 1867ರಲ್ಲಿ ಅದನ್ನು ಮುಚ್ಚಿಸಿದರು. ಮನೆಯಲ್ಲಿ ಹೆರುವವರಿಗಿಂತ ಆಸ್ಪತ್ರೆಯಲ್ಲಿ ಹೆರುವವರು ಹೆಚ್ಚು ಸಾಯುವುದೇಕೆಂದು ವಿಚಾರಿಸಿ 1871ರಲ್ಲಿ ಒಂದು ಗ್ರಂಥವನ್ನೇ ಬರೆದಳು. ತಾನು ನೆಟ್ಟ ಗಿಡವನ್ನು ತಾನೇ ಕೀಳುವ ಈ ಧೈರ್ಯ ಎಷ್ಟು ಸಂಸ್ಥೆಗಳಲ್ಲಿ ಕಂಡೀತು!

ಆಕೆಯ ಕಾಳಜಿ ಉಳ್ಳವರ ಆಸ್ಪತ್ರೆಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ದಿಕ್ಕಿಲ್ಲದ ಬಡವರನ್ನು, ಮುದುಕರನ್ನು, ವಾಸಿಯಾಗದ ರೋಗಿಗಳನ್ನು ದುಡಿಮೆಮನೆ ಎಂಬ ಸರ್ಕಾರಿ ಆಶ್ರಯಗಳಲ್ಲಿ ತುಂಬುತ್ತಿದ್ದರು. ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರೂ ಅದೇ ಆಶ್ರಯದ ನಿರ್ಗತಿಕರೇ. 1864ರ ಕೊನೆಯಲ್ಲಿ ಲಂಡನ್ನಿನ ಹಾಲ್ಬರ್ನ್ ದುಡಿಮೆಮನೆಯಲ್ಲಿದ್ದ ತಿಮೊತಿ ಡೇಲಿ ಎಂಬ ಕೂಲಿಯವನು ಹಾಸಿಗೆಹುಣ್ಣುಗಳಿಂದ ನರಳಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನೈಟಿಂಗೇಲ್ ಕೂಡಲೇ ಆ ಖಾತೆಯ ಮುಖ್ಯಸ್ಥನಿಗೆ ಬರೆದು ವಿಚಾರಣೆಗೆ ಒತ್ತಾಯಪಡಿಸಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬಂತೆ ಒಬ್ಬನ ಸಾವಿಗೆ ಪಶ್ಚಾತ್ತಾಪಪಟ್ಟು ಸುಮ್ಮನಾಗುವುದು ಆಕೆಗೆ ಬೇಕಿರಲಿಲ್ಲ. ರೋಗಿಗಳು, ಬುದ್ಧಿಭ್ರಮಣೆಯಾದವರು, ವಾಸಿಯಾಗದವರು, ಮಕ್ಕಳು ಇವರನ್ನೆಲ್ಲ ಒಂದೇ ಸೂರಿನಡಿ ಕೂಡಿಹಾಕದೆ ಬೇರೆಬೇರೆಯಾಗಿ ನೋಡಿಕೊಳ್ಳಬೇಕು. ಎಲ್ಲಕ್ಕೂ ಒಂದೇ ಕೇಂದ್ರ ಆಡಳಿತವಿರಬೇಕು. ಖರ್ಚನ್ನು ಬಡ ಪೇಟೆ, ಸಿರಿವಂತ ಪೇಟೆ ಎನ್ನದೆ ಇಡೀ ನಗರ ಹೊರಬೇಕು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟಳು. 1867ರಲ್ಲಿ ಲಂಡನ್ನಿಗಾಗಿ ಆದ ಬಡವರ ಕಾಯಿದೆಯಲ್ಲಿ ಇವು ಅರೆಬರೆಯಾಗಿಯಾದರೂ ಸೇರಿದವು. ಅಷ್ಟರಲ್ಲಿ, 1865ರಲ್ಲಿಯೇ, ಲಿವರ್‌ಪೂಲಿನ ವಿಲಿಯಂ ರಾತ್‌ಬೋನ್ ಎಂಬ ದಾನಿಯ ಹಣದಿಂದ ಅಲ್ಲಿನ ದುಡಿಮೆಮನೆಯ ಆಸ್ಪತ್ರೆಗೆ ನೈಟಿಂಗೇಲ್ ಶಾಲೆಯ 12 ಮಂದಿ ದಾದಿಯರು ಹೋಗಿದ್ದರು. ಅವರ ನಾಯಕಿ ಆಗ್ನೆಸ್ ಜೋನ್ಸ್ ಸಾವಿರಕ್ಕೂ ಹೆಚ್ಚು ರೋಗಿಗಳ ಆ ನರಕವನ್ನು ಮೂರು ವರ್ಷದಲ್ಲಿ ಮನುಷ್ಯರಿರುವ ಜಾಗವನ್ನಾಗಿ ಮಾಡಿದಳು. 1868ರಲ್ಲಿ ಟೈಫಸ್ ಜ್ವರ ತಗುಲಿ ಅಲ್ಲಿಯೇ ಪ್ರಾಣಬಿಟ್ಟಳು.

ನಮ್ಮ ದೇಶಕ್ಕೂ ಆಕೆಯ ಋಣವಿದೆ. ಭಾರತಕ್ಕೆ ಒಮ್ಮೆಯೂ ಬಾರದ ಆಕೆ ಇಲ್ಲಿನ ದಂಡುಪ್ರದೇಶಗಳಿಗೆಲ್ಲ ಪ್ರಶ್ನಾವಳಿಗಳನ್ನು ಕಳುಹಿಸಿ ಉತ್ತರ ತರಿಸಿಕೊಂಡಳು. 1863ರಲ್ಲಿ ಹೊರಬಂದ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಬೆಂಗಳೂರಿನ ಹಲಸೂರು ಕೆರೆಗೆ ಚರಂಡಿಯ ನೀರು ಸೇರುತ್ತಿದ್ದುದೂ ಅದೇ ನೀರನ್ನು ಕುಡಿಯುತ್ತಿದ್ದುದೂ ಆಕೆಯ ಟೀಕೆಗೆ ಗುರಿಯಾಯಿತು. ಹತ್ತು ವರ್ಷಗಳಲ್ಲಿ ಆ ಸಾವು ಸಾವಿರಕ್ಕೆ 18ಕ್ಕೆ ಇಳಿದುದನ್ನು ಆಕೆ ಲೆಕ್ಕಸಮೇತ ತೋರಿಸಿದಳು. ಸೈನಿಕರಿಂದ ಆರಂಭವಾದ ಈ ಆಸಕ್ತಿ ಮುಂದೆ ನಮ್ಮ ಹಳ್ಳಿಗಳ ನೈರ್ಮಲ್ಯ, ಕ್ಷಾಮ, ನೀರಾವರಿಗಳವರೆಗೂ ಹರಡಿತು.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವ ಆಕೆಗೆ ಸಂದಿತು. ಅದನ್ನು ಪಡೆದ ಮೊದಲ ಮಹಿಳೆ ಆಕೆಯೇ. ಆ ವೇಳೆಗೆ ಕಣ್ಣು ಹೋಗಿತ್ತು, ನೆನಪು ಮಸುಕಾಗಿತ್ತು. ಅಷ್ಟು ಮಂದಿಯ ಶುಶ್ರೂಷೆಗೆ ದಾರಿ ಹಾಕಿದವಳು ಈಗ ತಾನೇ ಇತರರ ಕೈಯ ಆರೈಕೆಯಲ್ಲಿದ್ದಳು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಳು. ರಾಷ್ಟ್ರದ ಮಹಾಪುರುಷರ ಸಾಲಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಸೂಚನೆ ಬಂದರೂ, ಆಡಂಬರ ಬೇಡವೆಂಬ ಆಕೆಯ ಇಚ್ಛೆಯಂತೆ ಬಂಧುಗಳು ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೊ ಎಂಬ ಹಳ್ಳಿಯಲ್ಲಿ ಮಣ್ಣು ಮಾಡಿದರು. ಅಲ್ಲಿನ ಕಲ್ಲಿನ ಮೇಲೆ ಆಕೆಯ ಬಗ್ಗೆ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ, ಸತ್ತ ಕಾಲವೂ ಮಾತ್ರ ಇವೆ.

ಇಂದು ನಮ್ಮ ಸಮಾಜ ಬದಲಾಗಿದೆ. ಕೂಡುಕುಟುಂಬಗಳು ಒಡೆದು, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಹಿರಿಯರನ್ನು ಶುಶ್ರೂಷಾಗೃಹಗಳಿಗೆ ಒಪ್ಪಿಸುವುದು ಹೆಚ್ಚುತ್ತಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರ ಕಾಯಿದೆಯು ಜಿಲ್ಲೆಗೊಂದಾದರೂ, 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಯವನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಅವುಗಳಲ್ಲಿ ಇರಬೇಕಾದ ಸೇವೆಯ ಮಟ್ಟವನ್ನು ಗೊತ್ತುಪಡಿಸುವ ಅವಕಾಶವನ್ನೂ ಕೊಡುತ್ತದೆ. ಕಾಯಿದೆ ಬೇಕು, ಆದರೆ ಅದನ್ನು ಕೇಳುವ ಜನವೂ ಬೇಕು. ಹಿರಿಯರನ್ನು ಸೇರಿಸಲು ಇಂತಹ ಮನೆಗೆ ಹೋದಾಗ ನಾವು ಹೂದೋಟವನ್ನು ನೋಡಿ ಒಪ್ಪಿಬಿಡುತ್ತೇವೆ. ರಾತ್ರಿ ಎಷ್ಟು ಮಂದಿ ಕೆಲಸಕ್ಕಿರುತ್ತಾರೆ, ಗಂಟೆ ಒತ್ತಿದರೆ ಯಾರಿಗೆ ಹೇಗೆ ತಿಳಿಯುತ್ತದೆ, ಕಳೆದ ವರ್ಷ ಎಷ್ಟು ಮಂದಿ ಜಾರಿ ಬಿದ್ದರು, ಎಷ್ಟು ಮಂದಿಗೆ ಹಾಸಿಗೆಹುಣ್ಣಾಯಿತು, ಅದನ್ನೆಲ್ಲ ಬರೆದಿಟ್ಟ ಪುಸ್ತಕವೆಲ್ಲಿ ಎಂದು ಕೇಳಲು ನಮಗೆ ಸಂಕೋಚ. ದಯೆಯಿಂದ ನಡೆಸುತ್ತಿರುವವರನ್ನು ಲೆಕ್ಕ ಕೇಳಿದರೆ ಅವಮಾನವಾದೀತೆಂಬ ಅಳುಕು. ನೈಟಿಂಗೇಲಳಿಗೆ ಆ ಸಂಕೋಚವಿರಲಿಲ್ಲ. ತನ್ನನ್ನೂ ಸೇರಿಸಿ ಯಾರನ್ನೂ ಆಕೆ ಲೆಕ್ಕದಿಂದ ಬಿಡಲಿಲ್ಲ.

ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ದಾದಿಯರೋ ವೈದ್ಯರೋ ಆಗುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಮ್ಮಲ್ಲಿ ಕೆಲವರು ಗುಮಾಸ್ತರಾಗುತ್ತೇವೆ, ಅಧಿಕಾರಿಗಳಾಗುತ್ತೇವೆ, ಪಂಚಾಯಿತಿ ಸದಸ್ಯರಾಗುತ್ತೇವೆ. ಎಲ್ಲರೂ ಮಕ್ಕಳಾಗಿಯಂತೂ ಇದ್ದೇವೆ. ಒಬ್ಬ ಮುದುಕಿ ಬಾಯಾರಿದಾಗ ಹೆದರದೆ ನೀರು ಕುಡಿಯುವಂತಿರಬೇಕು. ಅಷ್ಟು ನಡೆಯಬೇಕಾದರೆ ಒಬ್ಬರ ಒಳ್ಳೆಯತನ ಸಾಲದು. ಗಂಟೆ, ಕೊಳಾಯಿ, ಕಿಟಕಿ, ಲೆಕ್ಕದ ಪುಸ್ತಕ, ಅದನ್ನು ತೆರೆದು ನೋಡುವ ಮೇಲಧಿಕಾರಿ ಎಲ್ಲವೂ ಬೇಕು. ಅವುಗಳನ್ನು ಕೇಳಿ ಪಡೆಯುವ ಕೆಲಸ ಇನ್ನು ನಮ್ಮದು.